5 ಸೀಟು, ಒಂದೇ ವೋಟು: ಜಪಾನಿನ ನಿಗಾತ 3ನೇ ಕ್ಷೇತ್ರದ ಲೆಕ್ಕ ಯಾರಾದರೂ ಬಿಡಿಸಿ ಹೇಳ್ತೀರಾ?

ಮಾಳಮಡ್ಡಿ ಹುಡುಗ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಸೆಮಿನಾರಿಗೆ ಉಳಿದವರೆಲ್ಲ ಇಂಗ್ಲೆಂಡು, ಅಮೆರಿಕ ಹಿಡಿದರು. ನಾನು ದೊಡ್ಡಸ್ತಿಕೆ ಮಾಡಲು ಹೋಗಿ ಜಪಾನ್ ಅಂದೆ, ಈಗ ಸಿಕ್ಕಿಬಿದ್ದಿದ್ದೇನೆ.

ವಿಷಯ ನಿಗಾತ ಅನ್ನುವ ಪ್ರಾಂತದ 3ನೇ ಕ್ಷೇತ್ರ. ಹಳೇ ಕ್ಷೇತ್ರ, ಈಗ ಇಲ್ಲ. 1947ರಿಂದ 1993ರವರೆಗೆ ಅಲ್ಲಿಂದ ಜಪಾನಿನ ಸಂಸತ್ತಿನ ಕೆಳಮನೆಗೆ 5 ಮಂದಿ ಆರಿಸಿ ಬರುತ್ತಿದ್ದರು. ಅವರಲ್ಲಿ ಒಬ್ಬ ಕಾಕುಯೆ ತನಾಕಾ, 1972ರಿಂದ 1974ರವರೆಗೆ ಪ್ರಧಾನಿ ಆಗಿದ್ದವನು. ಲಾಕ್‌ಹೀಡ್ ವಿಮಾನದ ಲಂಚದ ಕೇಸಿನಲ್ಲಿ 1976ರಲ್ಲಿ ಅರೆಸ್ಟ್ ಆದ. 1983ರ ಅಕ್ಟೋಬರ್ 12ಕ್ಕೆ ಕೋರ್ಟು 4 ವರ್ಷ ಜೈಲು, 50 ಕೋಟಿ ಯೆನ್ ದಂಡ ಅಂತ ತೀರ್ಪು ಕೊಟ್ಟಿತು. ಡಿಸೆಂಬರ್ 18ಕ್ಕೆ ಚುನಾವಣೆ. ಠೇವಣಿ ಹೋಗಬೇಕಿತ್ತು ಅಲ್ವಾ? 2,20,761 ವೋಟು ತಗೊಂಡು ಮೊದಲನೇ ಸ್ಥಾನ!

ನನಗೆ ಎರಡು ಕಡೆ ತಲೆ ಕೆಟ್ಟಿದೆ. ಒಂದು ಕ್ಷೇತ್ರದಿಂದ 5 ಮಂದಿ ಗೆಲ್ಲುವುದು ಅಂದರೆ ಜನ ಹೇಗೆ ವೋಟು ಹಾಕುತ್ತಿದ್ದರು? ಮತ್ತೆ, ಪೇಪರಿನಲ್ಲೆಲ್ಲ ತೀರ್ಪು ಬಂದ ಮೇಲೂ ಅಲ್ಲಿನ ಮಂದಿ ಆತನಿಗೇ ಯಾಕೆ ಹಾಕಿದರು? ಸುಮ್ನೆ ದುಡ್ಡು ತಿಂದರು ಅಂತ ಬರೆದರೆ ನಮ್ಮ ಸರ್ ಒಪ್ಪುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ:

ಇದರಲ್ಲಿ ತಲೆ ಕೆಡುವುದು ಏನಿದೆ ತಮ್ಮಾ, ನಮ್ಮ ಗ್ರಾಮ ಪಂಚಾಯ್ತಿ ಇಲೆಕ್ಷನ್ನೇ ಇದು. ನಮ್ಮ ವಾರ್ಡಿಗೆ 3 ಸೀಟು, ಹಂಗಾಗಿ ಒಬ್ಬೊಬ್ಬರಿಗೆ 3 ವೋಟು, ಒಬ್ಬ ಅಭ್ಯರ್ಥಿಗೆ ಒಂದೇ. 2020ರ ಡಿಸೆಂಬರಿನಲ್ಲಿ ಅವ್ವನನ್ನು ಕರಕೊಂಡು ಹೋಗಿದ್ದೆ. ಇಷ್ಟುದ್ದ ಬ್ಯಾಲೆಟ್, ಕೈಯಲ್ಲಿ ಬಾಣದ ಸಿಕ್ಕಾ. ಅವ್ವ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಏಜೆಂಟರೆಲ್ಲ ನನ್ನ ಮುಖ ನೋಡಲು ಶುರು ಮಾಡಿದರು. ಕಡೆಗೆ ಬಂದು ಹೇಳುತ್ತಾಳೆ, ಮೂರೂ ಸಿಕ್ಕಾ ನಮ್ಮ ಅಣ್ಣನ ಮಗನಿಗೇ ಹೊಡೆದೆ, ಆತನಿಗೆ ಜಾಸ್ತಿ ಬರಲಿ ಅಂತ! ಆ ಮೂರು ಸೇರಿ ಒಂದಾಯಿತೋ, ಚೀಟಿನೇ ರಿಜೆಕ್ಟ್ ಆಯಿತೋ, ಇವತ್ತಿಗೂ ಮನೆಯಲ್ಲಿ ಜಗಳ.

ಜಪಾನಿನಲ್ಲೂ 5 ಸೀಟಿಗೆ 5 ವೋಟು ಇರಬೇಕು, ಬೇರೆ ಏನಿರುತ್ತದೆ.

ಗದಗಿನ ಮಾಸ್ತರ:

ಅಕ್ಕಾರ, ಅಲ್ಲೇ ತಪ್ಪಿದಿರಿ. ಆಗ ಜಪಾನಿನಲ್ಲಿ ಸೀಟು 5, ವೋಟು ಒಂದೇ. ಸಿಕ್ಕಾನೂ ಇಲ್ಲ. ಖಾಲಿ ಚೀಟಿ ಕೊಡುತ್ತಾರೆ, ಮರೆಯಲ್ಲಿ ನಿಂತು ಪೆನ್ಸಿಲಿನಿಂದ ಅಭ್ಯರ್ಥಿಯ ಹೆಸರನ್ನು ನಾವೇ ಬರೆಯಬೇಕು. ಪಕ್ಷದ ಹೆಸರಲ್ಲ, ಮನುಷ್ಯನ ಹೆಸರು. ಎಣಿಕೆ ಮಾಡಿ ಮೇಲಿನ 5 ಮಂದಿ ಗೆದ್ದರು ಅಂತ ಹೇಳಿಬಿಡುತ್ತಿದ್ದರು.

ಈ ಪದ್ಧತಿ ಬಂದಿದ್ದು 1925ರಲ್ಲಿ, ಗಂಡಸರಿಗೆಲ್ಲ ಮತದಾನದ ಹಕ್ಕು ಕೊಟ್ಟ ಕಾನೂನಿನ ಜೊತೆಗೆ. 1946ರಲ್ಲಿ ಒಂದು ಸಲ ಬೇರೆ ಥರ ಮಾಡಿ ನೋಡಿದರು, 1947ಕ್ಕೆ ಮತ್ತೆ ಅದಕ್ಕೇ ಬಂದರು. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 3ರಿಂದ 5 ಸೀಟು ಇರುತ್ತಿದ್ದವು.

ಈಗ ಮಜಾ ನೋಡಿ. 5 ಸೀಟು ಇದ್ದರೆ, ಆರನೇ ಒಂದು ಪಾಲಿಗಿಂತ ಒಂದು ವೋಟು ಜಾಸ್ತಿ ಬಂದರೆ ನಿಮ್ಮನ್ನು ಯಾರೂ ಸೋಲಿಸಲು ಆಗುವುದಿಲ್ಲ. ಅಂದರೆ ನೂರಕ್ಕೆ ಹದಿನೇಳು ಮಂದಿಯನ್ನು ಗಟ್ಟಿ ಹಿಡಿದರೆ ಸಾಕು, ಉಳಿದ ಎಂಬತ್ಮೂರು ಮಂದಿ ಬೈದರೂ ನಡೆಯುತ್ತದೆ. ಇನ್ನು ದೊಡ್ಡ ಪಕ್ಷ, ಎಲ್‌ಡಿಪಿ (ಲಿಬರಲ್ ಡೆಮಾಕ್ರಟಿಕ್ ಪಾರ್ಟಿ), ಸರ್ಕಾರ ಮಾಡಬೇಕಾದರೆ ಒಂದೊಂದು ಕ್ಷೇತ್ರದಲ್ಲಿ ಎರಡು ಮೂರು ಮಂದಿಯನ್ನು ನಿಲ್ಲಿಸಲೇಬೇಕು. ಮತದಾರನಿಗೆ ಇರುವುದು ಒಂದೇ ವೋಟು. ಅಲ್ಲಿಗೆ ಏನಾಯಿತು? ಒಂದೇ ಪಕ್ಷದ ಮೂವರು ಒಬ್ಬರ ವೋಟು ಒಬ್ಬರು ಕಸಿಯಬೇಕು. ವಿರೋಧ ಪಕ್ಷದವನು ವೈರಿ ಅಲ್ಲ, ಅವನ ವೋಟು ಹೆಂಗೂ ನಮಗೆ ಬರುವುದಿಲ್ಲ. ನಮ್ಮ ಪಕ್ಷದ ಬಾವುಟ ಹಿಡಕೊಂಡು ಪಕ್ಕದ ಓಣಿಯಲ್ಲಿ ತಿರುಗುತ್ತಾನಲ್ಲ, ಅವನೇ ವೈರಿ. ಪಕ್ಷದ ನೀತಿ ಹೇಳಿ ಇವನನ್ನು ಸೋಲಿಸಲು ಆಗುವುದಿಲ್ಲ, ಇಬ್ಬರದೂ ಅದೇ ನೀತಿ. ಮತ್ತೇನು ಹೇಳುತ್ತೀರಿ? ನಾನು ರಸ್ತೆ ಮಾಡಿಸಿದೆ, ನಿನ್ನ ಮಗನಿಗೆ ನೌಕರಿ ಕೊಡಿಸಿದೆ, ಮದುವೆಗೂ ಬಂದೆ, ಮಣ್ಣಿಗೂ ಬಂದೆ. ಅಷ್ಟೇ ಉಳಿಯುವುದು.

ಅದಕ್ಕೇ ಒಬ್ಬೊಬ್ಬ ನಾಯಕನೂ ತನ್ನದೇ ಬೆಂಬಲಿಗರ ಸಂಘ ಕಟ್ಟುತ್ತಿದ್ದ, ಅಲ್ಲಿ ಅದಕ್ಕೆ ಕೋಎನ್‌ಕಾಯ್ ಅನ್ನುತ್ತಾರೆ. ತನಾಕಾನ ಸಂಘದ ಹೆಸರು ಎತ್ಸುಜಾನ್‌ಕಾಯ್. ಎಚಿಗೋ ಅನ್ನುವುದು ನಿಗಾತದ ಹಳೇ ಹೆಸರು, ಆ ಗುಡ್ಡಗಳ ಸಂಘ ಅಂತ ತಿಳಕೊಳ್ಳಿ. ಏರುಗಾಲದಲ್ಲಿ 90 ಸಾವಿರಕ್ಕೂ ಜಾಸ್ತಿ ಸದಸ್ಯರು. ಹಳ್ಳಿ ಹಳ್ಳಿಗೆ ಶಾಖೆ. ಸೇತುವೆ ಬೇಕೆಂದರೆ ಶಾಖೆಯವರು ಅರ್ಜಿ ಹಿಡಕೊಂಡು ಟೋಕಿಯೋಗೆ, ಸೀದಾ ಆತನ ಮನೆ ಬಾಗಿಲಿಗೆ.

ಮಾಳಮಡ್ಡಿ ಹುಡುಗ, ಧಾರವಾಡ:

ಸರ್, ಹಂಗಾದರೆ 2.2 ಲಕ್ಷ ಅಂದರೆ ಕ್ಷೇತ್ರದ ವೋಟಿನಲ್ಲಿ ಹತ್ತಿರ ಹತ್ತಿರ ಅರ್ಧ. ಆತನಿಗೆ ಬೇಕಾಗಿದ್ದು ಆರನೇ ಒಂದು ಪಾಲು. ಉಳಿದಿದ್ದೆಲ್ಲ ನೀರಿನಲ್ಲಿ ಹೋಯಿತಾ? ಪಕ್ಷದ ಉಳಿದವರಿಗೆ ಹಂಚುವುದಿಲ್ಲವಾ?

ಗದಗಿನ ಮಾಸ್ತರ:

ಹಂಚುವುದಿಲ್ಲ. ನಮ್ಮ ಪಶ್ಚಿಮ ಪದವೀಧರರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆಯಲ್ಲಿ 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತೀರಲ್ಲ, ಅಲ್ಲಿ ಕೆಳಗಿನವನು ಔಟಾದರೆ ಅವನ ಚೀಟಿ ಮುಂದಿನವನಿಗೆ ಹೋಗುತ್ತದೆ. ಜಪಾನಿನ ಚೀಟಿ ಹಂಗೆ ನಡೆದಾಡುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ನೀವು ಹೇಳಿದ್ದು ಸರಿ, ಆ ವೋಟಿನಲ್ಲಿ ಜಾಣತನದಿಂದ ಹಂಚಿಕೊಂಡಿದ್ದರೆ ಎರಡು ಸೀಟು ಆರಾಮ ಬರುತ್ತಿತ್ತು. ಇನ್ನೊಂದು ಗಮನಿಸಿ, ಆಗ ಆತ ಎಲ್‌ಡಿಪಿ ಅಭ್ಯರ್ಥಿಯೇ ಅಲ್ಲ. 1976ರಲ್ಲೇ ಪಕ್ಷ ಬಿಟ್ಟು ಪಕ್ಷೇತರನಾಗಿದ್ದ. ಹೊರಗೆ ನಿಂತು ಪಕ್ಷದ ಒಳಗಿನ ಅತಿ ದೊಡ್ಡ ಬಣವನ್ನು ಆಡಿಸುತ್ತಿದ್ದ. ಊರಿನಲ್ಲಿ ಆತ ಅಷ್ಟು ವೋಟು ಬಾಚಿದ ಅದೇ ಚುನಾವಣೆಯಲ್ಲಿ ದೇಶದ ಮಟ್ಟದಲ್ಲಿ ಎಲ್‌ಡಿಪಿ 511ರಲ್ಲಿ 250ಕ್ಕೆ ಇಳಿದು ಬಹುಮತ ಕಳಕೊಂಡಿತು. ಉಳಿದ ಜಪಾನು ಆತನ ಮೇಲಿನ ಸಿಟ್ಟನ್ನು ಪಕ್ಷದ ಮೇಲೆ ತೀರಿಸಿಕೊಂಡಿತು ಅನ್ನಬಹುದು.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ:

ಇಷ್ಟೆಲ್ಲ ಪುರಾಣ ಯಾಕ್ರೀ. ಕಂತ್ರಾಟುದಾರರಿಗೆ ಕೆಲಸ ಕೊಟ್ಟ, ಅವರು ಮಂದಿಗೆ ಕೂಲಿ ಕೊಟ್ಟರು, ಮಂದಿ ವೋಟು ಕೊಟ್ಟರು. ಕಳ್ಳ ಅಂತ ಕೋರ್ಟು ಹೇಳಿದ ಮೇಲೂ ವೋಟು ಹಾಕಿದ್ದನ್ನು ನಾವು ಸಂಶೋಧನೆ ಮಾಡುತ್ತಾ ಕೂತಿದ್ದೇವೆ. ತಲೆ ಮೇಲೆ ಹೊತ್ತರು, ಅಷ್ಟೇ ಕತೆ.

ಗದಗಿನ ಮಾಸ್ತರ:

ವಕೀಲ ಸಾಹೇಬ್ರೆ, ಕಂತ್ರಾಟುದಾರರ ಮಾತು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಮ ಬಿಟ್ಟು ಆ ಕ್ಷೇತ್ರ ಅರ್ಥ ಆಗುವುದಿಲ್ಲ.

ನಿಮಗೆ ನಮ್ಮ ಘಟ್ಟದ ಲೆಕ್ಕದಲ್ಲೇ ಹೇಳುತ್ತೇನೆ. ಅರಬ್ಬಿ ಸಮುದ್ರದ ಮೋಡ ಕಾರವಾರದ ಕಡೆ ಸುರಿದು ಖಾಲಿ ಆಗಿ, ಗದಗಿಗೆ ಬರುವಷ್ಟರಲ್ಲಿ ಒಣ ಗಾಳಿ ಅಲ್ವಾ? ಅಲ್ಲಿ ಚಳಿಗಾಲದಲ್ಲಿ ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ನೀರು ಹೀರಿಕೊಂಡು ಬಂದು ನಿಗಾತದ ಗುಡ್ಡಕ್ಕೆ ಬಡಿದು ಹಿಮ ಸುರಿಸುತ್ತದೆ. ಆಳುದ್ದ ಹಿಮ. ಗುಡ್ಡದ ಆಚೆ ಟೋಕಿಯೋದಲ್ಲಿ ಬಿಸಿಲು. ನಮಗೆ ಗುಡ್ಡದ ಆಚೆಯವರ ಮಳೆ ಬೇಕು, ಅವರಿಗೆ ತಮ್ಮ ಹಿಮ ಬೇಡ, ಅಷ್ಟೇ ಫರಕು. ಗಂಡಸರು ಚಳಿಗಾಲಕ್ಕೆ ಟೋಕಿಯೋ ಕಡೆ ಗುಳೆ ಹೋಗುತ್ತಿದ್ದರು, ನಮ್ಮ ಮುಂಡರಗಿ, ರೋಣದ ಕಡೆಯವರು ಗೋವಾಕ್ಕೆ, ಮಂಗಳೂರಿಗೆ ಹೋಗುವ ಹಾಗೆ. ಊರಲ್ಲಿ ಯಾರಿಗಾದರೂ ಜಡ್ಡಾದರೆ ಹಿಮದಲ್ಲಿ ದವಾಖಾನೆ ಮುಟ್ಟುವುದೇ ಕಷ್ಟ.

ಅಂಥ ಊರಿಗೆ ಹೋಗಿ ಈ ತನಾಕಾ ತನ್ನ ಮೊದಲ ಕಾಲದ ಭಾಷಣದಲ್ಲಿ ಏನಂದ ಗೊತ್ತಾ? ಮಿಕುನಿ ಘಟ್ಟವನ್ನೇ ಕಡಿದು ಹಾಕೋಣ, ಗಾಳಿ ಸೀದಾ ಆಚೆ ಹೋಗುತ್ತದೆ, ಇಲ್ಲಿ ಹಿಮ ಬೀಳುವುದಿಲ್ಲ, ತೆಗೆದ ಮಣ್ಣನ್ನು ಸಮುದ್ರಕ್ಕೆ ಸುರಿದು ಸಾದೋ ದ್ವೀಪಕ್ಕೆ ಜೋಡಿಸೋಣ ಅಂತ! ಮಂದಿ ನಕ್ಕಿರಬೇಕು. ಆದರೆ ಇವನಿಗೆ ನಮ್ಮ ತ್ರಾಸು ಗೊತ್ತಿದೆ ಅನ್ನುವುದು ಮನಸ್ಸಿನಲ್ಲಿ ಕೂತಿತು. 1946ರಲ್ಲಿ ಸೋತ, 1947ರಲ್ಲಿ ಈ 3ನೇ ಕ್ಷೇತ್ರದಿಂದ ಗೆದ್ದ, ಆಗ ಇನ್ನೂ 28 ವರ್ಷ. 1949ರಲ್ಲಂತೂ ಬೇರೊಂದು ಲಂಚದ ಕೇಸಿನಲ್ಲಿ ಒಳಗಿದ್ದುಕೊಂಡೇ ಅಭ್ಯರ್ಥಿ ಆದ, ಜಾಮೀನಿನ ಮೇಲೆ ಹೊರಗೆ ಬಂದು ಪ್ರಚಾರ ಮಾಡಿ ಗೆದ್ದ. ಆ ಕೇಸು ಮುಂದೆ ಅಪೀಲಿನಲ್ಲಿ ಬಿದ್ದುಹೋಯಿತು. ಹಂಗಾಗಿ 1983ರ ತೀರ್ಪು ಬಂದಾಗ ಹಳ್ಳಿಯ ಮುದುಕರಿಗೆ ಅದು ಹೊಸ ಸುದ್ದಿಯೇ ಅಲ್ಲ, ಇನ್ನೂ ಅಪೀಲು ಇದೆ ಬಿಡು ಅಂದುಕೊಂಡಿದ್ದರೂ ಆಶ್ಚರ್ಯ ಇಲ್ಲ.

ಘಟ್ಟ ಕಡಿಯಲಿಲ್ಲ, ಸುರಂಗ ಕೊರೆಸಿದ. ಓಜಿಯಾ ಪಟ್ಟಣದ ಹತ್ತಿರ ಶಿಯೋದಾನಿ ಅಂತ ಒಂದು ಹಳ್ಳಿ, ಸುಮಾರು 60 ಮನೆ. ಅಷ್ಟು ಮನೆಗೆ ಒಂದು ಸುರಂಗ! ಟೋಕಿಯೋ ಪೇಪರಿನವರು ಇದು ದುಂದುಗಾರಿಕೆ ಅಂತ ಬರೆದರು. ಲೆಕ್ಕ ಹಿಡಿದರೆ ದುಂದುಗಾರಿಕೆಯೇ. ಆದರೆ ಆ 60 ಮನೆಯಲ್ಲಿ ಒಂದರಲ್ಲಿ ಬಾಣಂತಿ ಇದ್ದಾಳೆ ಅಂತ ಇಟ್ಟುಕೊಳ್ಳಿ. 1982ರ ನವೆಂಬರಿನಲ್ಲಿ ನಿಗಾತಕ್ಕೆ ಬುಲೆಟ್ ಟ್ರೇನೂ ಬಂತು, ಉರಾಸಾ ಅನ್ನುವ ಸಣ್ಣ ಊರಲ್ಲೂ ನಿಲ್ಲುತ್ತದೆ, ಸ್ಟೇಷನ್ ಎದುರು ಕೈ ಎತ್ತಿಕೊಂಡು ನಿಂತ ತನಾಕಾನ ಮೂರ್ತಿ ಇದೆ. ಹುಬ್ಬಳ್ಳಿ-ಅಂಕೋಲಾ ರೈಲು ಬರುತ್ತದೆ ಬರುತ್ತದೆ ಅಂತ ಕೇಳುತ್ತಾ ತಲೆ ಬೆಳ್ಳಗಾದ ನಮ್ಮಂಥವರು ಆ ಮಂದಿಗೆ ಬುದ್ಧಿ ಹೇಳಲು ಹೋಗಬಾರದು ಅನ್ನಿಸುತ್ತದೆ.

ಹಂಗಂತ ಕ್ಷೇತ್ರ ಪೂರ್ತಿ ಆತನ ಹಿಂದೆ ಇತ್ತು ಅಂತಲ್ಲ. ಅಲ್ಲಿ ಗೇಣಿದಾರರ ಹೋರಾಟ ಮೊದಲಿನಿಂದ ಜೋರು. ರೈತ ಸಂಘದ ನಾಯಕ, ಸಮಾಜವಾದಿ ಪಕ್ಷದ ಶೋಇಚಿ ಮಿಯಾಕೆ ಇದೇ ಕ್ಷೇತ್ರದವರು, ಕೆಳಮನೆಯ ಉಪಸಭಾಪತಿ ಆದವರು. 5 ಸೀಟು ಇದ್ದದ್ದರಿಂದಲೇ ಅವರಿಗೂ ಜಾಗ ಸಿಕ್ಕಿತು. 1983ರಲ್ಲಿ ಒಬ್ಬ ಹೆಸರಾಂತ ಕಾದಂಬರಿಕಾರ ಮೇಲ್ಮನೆ ಸದಸ್ಯತ್ವ ಬಿಟ್ಟು ಬಂದು ತನಾಕಾನ ವಿರುದ್ಧ ಇಲ್ಲೇ ನಿಂತಿದ್ದರು. ಸೋತರು.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ:

ಬಾಣಂತಿ ತಂದು ಬಾಯಿ ಮುಚ್ಚಿಸಿದಿರಿ ಮಾಸ್ತರ. ಆದರೂ ನಾನು ಸುರಂಗ ಒಪ್ಪುತ್ತೇನೆ, ಲಂಚ ಒಪ್ಪುವುದಿಲ್ಲ.

ತಮ್ಮಾ, ನಿನ್ನ ಸೆಮಿನಾರಿಗೆ ಕಾನೂನಿನ ಕಡೆಯಿಂದ ಒಂದೆರಡು ಹೇಳುತ್ತೇನೆ, ಬರಕೋ. ಇಂಥ ಕ್ಷೇತ್ರಗಳ ಇನ್ನೊಂದು ರೋಗ ಎಂದರೆ ಹಳ್ಳಿ ಖಾಲಿ ಆಗಿ ಮಂದಿ ಶಹರಕ್ಕೆ ಹೋದರೂ ಸೀಟು ಅಲ್ಲೇ ಉಳಿಯಿತು. 1976ರ ಏಪ್ರಿಲಿನಲ್ಲಿ ಜಪಾನಿನ ಸುಪ್ರೀಂ ಕೋರ್ಟು 1972ರ ಚುನಾವಣೆಯ ಕೇಸು ನೋಡಿತು. ಎಲ್ಲಕ್ಕಿಂತ ಹಗುರ ವೋಟಿಗೂ ಎಲ್ಲಕ್ಕಿಂತ ಭಾರದ ವೋಟಿಗೂ ಸುಮಾರು 5 ಪಟ್ಟು ಅಂತರ. ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು, ಆದರೆ ಚುನಾವಣೆ ರದ್ದು ಮಾಡಲಿಲ್ಲ. ತಪ್ಪು ಅಂತ ಬರೆದು ಸಹಿ ಹಾಕಿ ಮನೆಗೆ ಹೋದರು.

ಎರಡನೇದು, ನಮ್ಮ ದೇಶದಲ್ಲೂ ಒಂದಕ್ಕಿಂತ ಜಾಸ್ತಿ ಸದಸ್ಯರ ಲೋಕಸಭಾ ಕ್ಷೇತ್ರ ಇದ್ದವು ಅಂತ ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಮೊದಲ ಚುನಾವಣೆಯಲ್ಲಿ 86 ಕ್ಷೇತ್ರಕ್ಕೆ ಇಬ್ಬಿಬ್ಬರು, ಉತ್ತರ ಬಂಗಾಳದಲ್ಲಿ ಒಂದಕ್ಕೆ ಮೂವರು. ಅಲ್ಲಿ ಬ್ಯಾಡಗಿ ಅಕ್ಕ ಹೇಳಿದ ಪದ್ಧತಿ, ಎರಡು ಸೀಟಿಗೆ ಎರಡು ವೋಟು. ಒಂದು ಸೀಟು ಮೀಸಲು. 1957ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ವಿ.ವಿ. ಗಿರಿ ನಿಂತಿದ್ದರು. ಇಬ್ಬರು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೇ ಹೆಚ್ಚು ವೋಟು ಬಂದು, ಒಬ್ಬರಿಗೆ ಮೀಸಲು ಸೀಟು, ಇನ್ನೊಬ್ಬರಿಗೆ ಸಾಮಾನ್ಯ ಸೀಟು ಹೋಯಿತು. ಗಿರಿಯವರು ಸುಪ್ರೀಂ ಕೋರ್ಟಿಗೆ ಹೋದರು, 1959ರಲ್ಲಿ ಅಲ್ಲೂ ಸೋತರು. 1961ರಲ್ಲಿ ಕಾನೂನು ಮಾಡಿ ಈ ಪದ್ಧತಿಯನ್ನೇ ತೆಗೆದರು. ಗಿರಿಯವರು ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಆಮೇಲೆ ರಾಷ್ಟ್ರಪತಿ ಆದರು, ಅದು ಬೇರೆ ಮಾತು.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆ:

ನನ್ನ ಪದ್ಧತಿ ದಿಲ್ಲಿವರೆಗೆ ಹೋಗಿತ್ತು ಅಂತಾಯಿತು. ಆಮೇಲೆ ಆ ಜಪಾನಿನವನ ಗತಿ ಏನಾಯಿತು ಹೇಳ್ರಿ, ಅರ್ಧಕ್ಕೆ ಬಿಡಬೇಡಿ.

ಗದಗಿನ ಮಾಸ್ತರ:

1985ರ ಫೆಬ್ರವರಿಯಲ್ಲಿ ಲಕ್ವಾ ಹೊಡೆಯಿತು. ಮಾತು ನಿಂತಿತು. 1986ರ ಚುನಾವಣೆಯಲ್ಲಿ ಒಂದು ದಿನವೂ ಪ್ರಚಾರಕ್ಕೆ ಬರಲಿಲ್ಲ, ಆದರೂ ಮೊದಲನೇ ಸ್ಥಾನ! ನನಗೆ 1983ಕ್ಕಿಂತ ಇದೇ ಜಾಸ್ತಿ ಆಶ್ಚರ್ಯ. ಸಂಘ ಅಷ್ಟು ಗಟ್ಟಿ ಇತ್ತು, ಮನುಷ್ಯ ಬೇಕಾಗಿರಲಿಲ್ಲ, ಚೀಟಿ ಮೇಲೆ ಬರೆಯಲು ಹೆಸರಿದ್ದರೆ ಸಾಕು. 1990ರಲ್ಲಿ ನಿಲ್ಲಲಿಲ್ಲ. 1993ರ ಜುಲೈಯಲ್ಲಿ ಮಗಳು ಮಾಕಿಕೋ ಅದೇ ಕ್ಷೇತ್ರದಿಂದ ಗೆದ್ದರು, ಡಿಸೆಂಬರಿನಲ್ಲಿ ತಂದೆ ತೀರಿಕೊಂಡ, ಕೇಸಿನ ಅಪೀಲು ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಒಂದರ ಮೇಲೊಂದು ಹಗರಣ ಬಂದು ಮಂದಿ ಬೇಸತ್ತಿದ್ದರು. ಒಂದೇ ಪಕ್ಷದವರು ಕಚ್ಚಾಡುವುದಕ್ಕೆ ಅಷ್ಟು ದುಡ್ಡು ಬೇಕು, ಲಂಚಕ್ಕೆ ಬೇರು ಅದೇ ಅನ್ನುವ ವಾದ ಗೆದ್ದಿತು. ಪ್ರಧಾನಿ ಹೊಸೋಕಾವಾ ಸರ್ಕಾರ 1994ರ ಜನವರಿಯಲ್ಲಿ ಕಾನೂನು ಬದಲಿಸಿತು. 300 ಒಬ್ಬೊಬ್ಬ ಸದಸ್ಯರ ಕ್ಷೇತ್ರ, 200 ಸೀಟು ಪಕ್ಷದ ಪಟ್ಟಿಯಿಂದ. 1996ರ ಅಕ್ಟೋಬರಿನಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ. ಹಳೇ 3ನೇ ಕ್ಷೇತ್ರವನ್ನು ಚೂರು ಮಾಡಿ ಹಂಚಿದರು, ನಾಗಾವೋಕಾ ಪಟ್ಟಣ ಹೊಸ 5ನೇ ಕ್ಷೇತ್ರಕ್ಕೆ, ಸಾಂಜೋ 4ಕ್ಕೆ, ತನಾಕಾ ಹುಟ್ಟಿದ ಕಾಶಿವಾಜಾಕಿ 2ಕ್ಕೆ. ಮಾಕಿಕೋ ಹೊಸ 5ರಿಂದ ಗೆದ್ದರು. ತಮ್ಮಾ, ಒಂದು ಎಚ್ಚರ. 1996ರಿಂದ ನಿಗಾತ 3 ಅಂತ ಕರೆಯುವುದೇ ಬೇರೆ ಸೀಮೆ, ಶಿಬಾತಾ ಪಟ್ಟಣದ ಕಡೆಯದು. ಹೆಸರು ಒಂದೇ, ನೆಲ ಬೇರೆ.

ಮಾಳಮಡ್ಡಿ ಹುಡುಗ, ಧಾರವಾಡ:

ಅಯ್ಯೋ ಸರ್. ನಾನು ಚಾರ್ಟಿಗೆ ಅಂಟಿಸಿದ್ದು ಶಿಬಾತಾ ನಕಾಶೆಯೇ. ನಾಳೆ 11 ಗಂಟೆಗೆ ಸೆಮಿನಾರ್. ಫೆವಿಕಾಲ್ ಒಣಗಿ ಕಲ್ಲಾಗಿದೆ, ಕಿತ್ತರೆ ಹಾಳೆನೇ ಹರಿಯುತ್ತದೆ. ಸಪ್ತಾಪುರದಲ್ಲಿ ಈ ಹೊತ್ತಿಗೆ ಯಾವುದಾದರೂ ಜೆರಾಕ್ಸ್ ಅಂಗಡಿ ತೆರೆದಿರುತ್ತದಾ?