ಬೆಟ್ಟದ ಹೊಳೆ ದಂಡೆಗೆ ಸ್ಕೋಪ್ ಬೇಕಾ? ಅನುಭವ ಹೇಳಿ

ಹೊಳೆಬದಿ: ಮುಂದಿನ ತಿಂಗಳು 4 ದಿನ ಬೆಟ್ಟದ ಹೊಳೆಯೊಂದರ ಪಕ್ಕ ಇರುತ್ತೇವೆ. ಹಕ್ಕಿ, ಸಿಕ್ಕರೆ ನೀರುನಾಯಿ ನೋಡುವ ಆಸೆ. 8×42 ಬೈನಾಕ್ಯುಲರ್ ಇದೆ (8 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 42 ಮಿಮೀ). ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ನೋಡುವ ದೂರದರ್ಶಕ) ಕೂಡ ಬೇಕಾ? ಜೊತೆಗೆ ಅಪ್ಪ ಇರುತ್ತಾರೆ. ಮಂಡಿನೋವು, ಜಾಸ್ತಿ ನಡೆಯಲಾರರು.

ಒದ್ದೆ ಬೂಟು: ಬೇಡ. ನಾನು ಹೊತ್ತು ಸೋತವನು. ಸ್ಕೋಪ್ 1.6 ಕೆಜಿ, ಟ್ರೈಪಾಡ್ 2.3 ಕೆಜಿ, ನೆನೆದ ಚೀಲ ಸೇರಿ ಐದರ ಹತ್ತಿರ. ಡಿಪ್ಪರ್ ಹಕ್ಕಿ ಬಂಡೆ ಮೇಲೆ ನಿಂತು ಮೈ ಕುಣಿಸುತ್ತಿತ್ತು. ನಾನು ಟ್ರೈಪಾಡ್ ಬಿಚ್ಚಿ ಫೋಕಸ್ ಮಾಡುವಷ್ಟರಲ್ಲಿ ಮುಳುಗಿತು. ಎದ್ದದ್ದು ಇನ್ನೆಲ್ಲೋ. ಮೂರನೇ ದಿನ ಟ್ರೈಪಾಡಿನ ಒಂದು ಕಾಲು ಪಾಚಿಗಲ್ಲಿನ ಮೇಲೆ ಜಾರಿತು. ಟಣ್ ಅಂತ ಒಂದೇ ಸದ್ದು. ರಿಪೇರಿಗೆ 7 ವಾರ. ಬಂದ ಮೇಲೂ ಎಡಗಡೆ ಅಂಚು ಮಸುಕು. ಇವತ್ತಿಗೂ ಮಸುಕು.

ಬೂದುಗಲ್ಲು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಐಬಿಸ್‌ಬಿಲ್ ಹಕ್ಕಿ ನೋಡಿದ್ದೀರಾ? ಬೂದು ಮೈ, ಸುತ್ತ ಬೂದು ಕಲ್ಲು. ಎರಡು ಗಂಟೆ ಸ್ಕೋಪಿನಲ್ಲಿ ಸುಮ್ನೆ ಕಲ್ಲು ನೋಡಿದೆ. ಆಮೇಲೆ ಒಂದು ಕಲ್ಲು ನಡೆಯಿತು! ಬಾಗಿದ ಕೆಂಪು ಕೊಕ್ಕನ್ನು ಸಂದಿಗೆ ತೂರಿಸಿ, ತಲೆ ಓರೆ ಮಾಡಿ ಹುಳ ಎಳೆಯಿತು. ದೂರ 150 ಮೀಟರ್. ಬೈನಾಕ್ಯುಲರ್ ನೆಚ್ಚಿಕೊಂಡಿದ್ದರೆ ಹತ್ತಿರ ಹೋಗಿ ಓಡಿಸುತ್ತಿದ್ದೆ. ಅದೂ 8× ಬೇರೆ. 10×42 ಆದರೂ ಇಟ್ಟುಕೊಳ್ಳಿ.

ಒದ್ದೆ ಬೂಟು: 10×42ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 4.2 ಮಿಮೀ, 8×42ರಲ್ಲಿ 5.25. ಕಣಿವೆಗೆ ಬಿಸಿಲು ಇಳಿಯೋದು ತಡವಾಗಿ, ಗೊತ್ತಲ್ವಾ? ಆ ಮಬ್ಬಿಗೆ ದೊಡ್ಡ ವೃತ್ತವೇ ಬೇಕು. ನಿಮ್ಮ ಕಲ್ಲು ನಡೆದಿದ್ದೋ, ಸ್ಕೋಪ್ ನಡುಗಿದ್ದೋ?

ಹೆಜ್ಜೆಗುರುತು: ನೀರುನಾಯಿಗೆ ಗಾಜಿಗಿಂತ ತಾಳ್ಮೆ ಬೇಕು. ಬಂಡೆ ಮೇಲೆ ಹಿಕ್ಕೆ ಸಿಕ್ಕಿತು, ತುಂಬಾ ಮೀನಿನ ಮುಳ್ಳು, ಹುರುಪೆ. ಅಲ್ಲೇ 11 ಬೆಳಗಿನ ಜಾವ ಕಾದೆ. ಒಂಬತ್ತನೇ ದಿನ ಜಾರಿ ಬಿದ್ದು ಮಣಿಕಟ್ಟು ಊದಿತು. 12ನೇ ದಿನ ತಾಯಿ, ಎರಡು ಮರಿ! ಗಾಳಿ ಅವುಗಳ ಕಡೆಯಿಂದ ಬೀಸುತ್ತಿತ್ತು, ಅದಕ್ಕೇ ಓಡಲಿಲ್ಲ. ನಡುವೆ ಬೇಜಾರಾದಾಗ ಫೋನಿನಲ್ಲಿ ಹಕ್ಕಿ ಕೂಗು ಹಾಕುತ್ತಿದ್ದೆ. ವಾಟರ್ ರೆಡ್‌ಸ್ಟಾರ್ಟ್ ಅನ್ನೋ ಹೊಳೆಹಕ್ಕಿ ಎದುರಿಗೇ ಬಂದು ಕೆಂಪು ಬಾಲ ಬಿಚ್ಚಿತು.

ಬೂದುಗಲ್ಲು: ಹಕ್ಕಿ ಮರಿ ಸಾಕುವ ಕಾಲದಲ್ಲಿ ಕೂಗು ಹಾಕಿದ್ರಾ? ಅದು ನಿಮ್ಮನ್ನು ನೋಡೋಕೆ ಬಂದದ್ದಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂತ ಜಗಳಕ್ಕೆ ಬಂದದ್ದು. ಅಷ್ಟು ಹೊತ್ತು ಮರಿಗೆ ತುತ್ತಿಲ್ಲ.

ಹೆಜ್ಜೆಗುರುತು: ಎರಡೇ ಸಲ ಹಾಕಿದ್ದು. ಹೊಳೆ ನಿಮ್ಮ ಹೆಸರಿಗೆ ಬರೆದುಕೊಟ್ಟಿದ್ದಾರಾ?

ತೇಲಿಹೋದವನು: ಹಿಮ ಕರಗಿ ಬರುವ ಹೊಳೆಯಾದರೆ ನಡುಬಂಡೆಗೆ ಹೋಗಲೇಬೇಡಿ. ಬಿಸಿಲು ಏರಿದಂತೆ ನೀರೂ ಏರುತ್ತದೆ. ಬೆಳಿಗ್ಗೆ ಪಾದ ಮುಳುಗದ ಕಡೆ ಮಧ್ಯಾಹ್ನ ತೊಡೆವರೆಗೆ ಬಂತು. ನಾನು ದಾಟಿದೆ, ಚೀಲ ದಾಟಲಿಲ್ಲ. ಅದರಲ್ಲಿ 6 ವರ್ಷದ ಟಿಪ್ಪಣಿ ಪುಸ್ತಕ ಇತ್ತು. ಪೆನ್ಸಿಲ್‌ನಲ್ಲಿ ಬರೆದಿದ್ದೆ, ನೀರಿಗೆ ಅಳಿಯಬಾರದು ಅಂತ.

ಹೊಳೆಬದಿ: ಅಪ್ಪನ ಮಂಡಿ ಬಗ್ಗೆ ಯಾರಾದರೂ...?

ತೇಲಿಹೋದವನು: ಸೇತುವೆ ಹುಡುಕಿ, ಅಲ್ಲೇ ಕೂರಿಸಿ. ಡಿಪ್ಪರ್ ಸೇತುವೆ ಅಡಿಯೇ ಗೂಡು ಕಟ್ಟುವುದುಂಟು.

ಬೂದುಗಲ್ಲು: ಸೇತುವೆ ಮೇಲಾದರೆ ಸ್ಕೋಪ್ ಬೇಕೇ ಬೇಕು.

ಒದ್ದೆ ಬೂಟು: ಗಾಡಿ ಹೋದಾಗಲೆಲ್ಲ ಸೇತುವೆ ಅದುರುತ್ತದೆ ಸ್ವಾಮಿ. ಅದನ್ನೂ ನೋಡಿ ಆಗಿದೆ, ಸ್ಕೋಪಿನಲ್ಲೇ.