ಒಂದೇ ಸಾಲಿನ ಕೋಡ್ ಬೇಡ ಮಂಜು

ಮಂಜು: (ಫಾರ್ವರ್ಡ್ ಆದ ಸ್ಕ್ರೀನ್‌ಶಾಟ್) ಬ್ಯಾಚ್ ಮೀಟ್ ಫಾರ್ಮ್‌ನಿಂದ ‘ವಿಳಾಸ=…, ಪಿನ್=…’ ಅಂತ ಬರುವ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಪಿಎಚ್‌ಪಿ ಕೋಡ್‌ನಲ್ಲಿ ಅರೇ, ಅಂದರೆ ಹೆಸರು ಹಚ್ಚಿದ ಪಟ್ಟಿ ಮಾಡಲು ಒಂದೇ ಸಾಲು ಸಾಕಂತೆ. ಕಾಮಾ ಇರುವ ಕಡೆಯೆಲ್ಲ ಆಂಪರ್ಸೆಂಡ್ (&) ಹಾಕಿ ಪಾರ್ಸ್_ಎಸ್‌ಟಿಆರ್ (parse_str) ಅನ್ನುವ ಫಂಕ್ಷನ್‌ಗೆ ಕೊಡುವುದು. ಇವತ್ತೇ ಹಾಕಿಬಿಡುತ್ತೇನೆ.

ನಂದಿನಿ: ಬೇಡ ಮಂಜು. ಆ ಫಂಕ್ಷನ್ ಇರುವುದು ಯುಆರ್‌ಎಲ್ ಕ್ವೆರಿಗೆ, ಅಂದರೆ ವೆಬ್ ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ನಂತರದ ಭಾಗಕ್ಕೆ. ಅಲ್ಲಿ ಪ್ಲಸ್ ಅಂದರೆ ಸ್ಪೇಸ್. ನಮ್ಮಲ್ಲಿ ‘ಮೊಬೈಲ್=+91…’ ಅಂತ ಇದೆಯಲ್ಲ, ಆ ಪ್ಲಸ್ ಹೋಗಿಬಿಡುತ್ತದೆ. ‘ಮನೆ.ಪಿನ್’ ಅನ್ನುವ ಕೀ (ಈಕ್ವಲ್‌ನ ಎಡಗಡೆಯ ಹೆಸರು; ಬಲಗಡೆಯದು ವ್ಯಾಲ್ಯೂ) ಇದ್ದರೆ ಚುಕ್ಕಿ ಅಂಡರ್‌ಸ್ಕೋರ್ ಆಗುತ್ತದೆ. ಎರರ್ ಕೂಡ ಬರುವುದಿಲ್ಲ, ನನಗೆ ಭಯ ಅದೇ.

ಹರೀಶ: ಸುಮ್ನೆ ಹೆದರಿಸಬೇಡ ಕಣೇ. ಚಿಕ್ಕ ಲಿಸ್ಟಿಗೆ ಇಷ್ಟೆಲ್ಲ ಬೇಕಾ?

ನಂದಿನಿ: ಆ ನಂಬರಿಗೇ ಮೆಸೇಜ್ ಹೋಗಬೇಕಲ್ವಾ? ಎಕ್ಸ್‌ಪ್ಲೋಡ್ (explode) ಫಂಕ್ಷನ್‌ನಲ್ಲಿ ಕಾಮಾ ಕಂಡಲ್ಲಿ ಒಡೆಯಿರಿ. ಫೋರೀಚ್ (foreach) ಲೂಪ್ ಒಳಗೆ ಒಂದೊಂದು ತುಂಡನ್ನೂ ಎಕ್ಸ್‌ಪ್ಲೋಡ್‌ನಿಂದಲೇ ಈಕ್ವಲ್ (=) ಹತ್ತಿರ ಒಡೆಯಿರಿ, ಅದಕ್ಕೆ ಮೂರನೇ ಆರ್ಗ್ಯುಮೆಂಟ್ 2 (ಎರಡೇ ತುಂಡು ಸಾಕು ಅಂತ) ಕೊಡಿ. ಆಗ ಮೊದಲ ಈಕ್ವಲ್‌ನಲ್ಲಿ ಮಾತ್ರ ಒಡೆಯುತ್ತದೆ, ಮ್ಯಾಪ್ ಲಿಂಕಿನೊಳಗಿನ ಈಕ್ವಲ್‌ಗಳು ಹಾಗೇ ಉಳಿಯುತ್ತವೆ. ಕೀ, ವ್ಯಾಲ್ಯೂ ಎರಡಕ್ಕೂ ಟ್ರಿಮ್ (ಅಂಚಿನ ಸ್ಪೇಸ್ ತೆಗೆಯುವ ಫಂಕ್ಷನ್) ಮರೆಯಬೇಡಿ. ಇಲ್ಲದಿದ್ದರೆ ಕಾಮಾ ಆದಮೇಲಿನ ಸ್ಪೇಸ್ ಕೀಗೆ ಅಂಟಿಕೊಳ್ಳುತ್ತದೆ. ಆಮೇಲೆ ‘ಪಿನ್’ ಅಂತ ಹುಡುಕಿದರೆ ಸಿಗುವುದಿಲ್ಲ.

ರಘು: ಈಕ್ವಲ್ಲೇ ಇಲ್ಲದ ತುಂಡು ಬಂದರೆ? ಮಂಜು ಕಳಿಸಿದ್ದ ಸಾಲು ನೋಡಿ: ‘ವಿಳಾಸ=8ನೇ ಕ್ರಾಸ್, ಮಲ್ಲೇಶ್ವರಂ, ಪಿನ್=560003’. ಮಲ್ಲೇಶ್ವರಂ ಒಂಟಿಯಾಗಿ ನಿಲ್ಲುತ್ತದೆ. ಪಿಎಚ್‌ಪಿ 8ರಲ್ಲಿ ‘ಅನ್‌ಡಿಫೈನ್ಡ್ ಅರೇ ಕೀ 1’ ಅಂತ ವಾರ್ನಿಂಗ್ ಬರುತ್ತದೆ. ಬೆಂಗಳೂರಿನಲ್ಲಿ ಕಾಮಾ ಇಲ್ಲದ ವಿಳಾಸ ಎಲ್ಲಿದೆ ಹೇಳಿ!

ಹರೀಶ: ಅದಕ್ಕೆ ಎಸ್‌ಟಿಆರ್_ಗೆಟ್‌ಸಿಎಸ್‌ವಿ (str_getcsv) ಇದೆಯಲ್ಲ, ಕೋಟ್ ಒಳಗಿನ ಕಾಮಾದಲ್ಲಿ ಒಡೆಯುವುದಿಲ್ಲ.

ನಂದಿನಿ: ಇದೆ. ಆದರೆ ಆ ತುಂಡಿನ ಸುತ್ತ ಡಬಲ್ ಕೋಟ್ ಇದ್ದರೆ ಮಾತ್ರ ಉಪಯೋಗ. ನಮ್ಮ ಸ್ಟ್ರಿಂಗಿನಲ್ಲಿ ಕೋಟೇ ಇಲ್ಲ. ವಿಳಾಸದ ಕಾಮಾ ಯಾವುದು, ತುಂಡು ಬೇರೆ ಮಾಡುವ ಕಾಮಾ ಯಾವುದು ಅಂತ ಪಿಎಚ್‌ಪಿಗೆ ಹೇಗೆ ಗೊತ್ತಾಗಬೇಕು? ಫಾರ್ಮ್ ಕಡೆಯಿಂದಲೇ ಜೇಸನ್ (JSON, ಡೇಟಾ ಬರೆಯುವ ಒಂದು ನಿಗದಿತ ರೂಪ) ಬರಲಿ. ಜೇಸನ್_ಡಿಕೋಡ್‌ಗೆ ಎರಡನೇ ಆರ್ಗ್ಯುಮೆಂಟ್ ಟ್ರೂ ಕೊಟ್ಟರೆ ಕೀ-ವ್ಯಾಲ್ಯೂ ಅರೇನೇ ಕೈಗೆ ಬರುತ್ತದೆ.

ಹರೀಶ: ಫಾರ್ಮ್ ಬದಲಾಯಿಸು ಅನ್ನುವುದು ಸುಲಭ. ಈಗಾಗಲೇ ಬಂದಿರುವ ಸಾಲುಗಳನ್ನು ಏನು ಮಾಡೋಣ?

ನಂದಿನಿ: ಈಕ್ವಲ್ ಇಲ್ಲದ ತುಂಡನ್ನು ಹಿಂದಿನ ವ್ಯಾಲ್ಯೂಗೆ ಕಾಮಾ ಸಮೇತ ಸೇರಿಸು. ಆದರೂ ಒಂದೊಂದು ಸಾಲನ್ನೂ ಕಣ್ಣಾರೆ ನೋಡಲೇಬೇಕು. ಬಸವನಗುಡಿ, ಜಯನಗರದವರದ್ದು ನಾನು ನೋಡುತ್ತೇನೆ.

ಮಂಜು: ಸರಿ, ಮಲ್ಲೇಶ್ವರಂ ನನಗಿರಲಿ. ಜೇಸನ್ ಆಗುವವರೆಗೆ ಫಾರ್ಮ್ ಮುಚ್ಚಿರುತ್ತೇನೆ. ಯಾರೂ ಲಿಂಕ್ ಫಾರ್ವರ್ಡ್ ಮಾಡಬೇಡಿ.