ಜಿಮ್ಮಿ ಪೇಜ್‌ಗೆ ಇಷ್ಟು ಹೆಸರು ಸಲ್ಲುತ್ತಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಇವತ್ತು ಉತ್ತರ ಕೊಡುವವರು ನಮ್ಮ ಗುಂಪಿನ ಗಿಟಾರ್ ಮೇಷ್ಟ್ರು. 22 ವರ್ಷದಿಂದ ಪಾಠ ಹೇಳಿಕೊಡುತ್ತಿದ್ದಾರೆ, ಸ್ಟುಡಿಯೋಗಳಲ್ಲೂ ನುಡಿಸುತ್ತಾರೆ. ಕಳೆದ ವಾರ ಲೆಡ್ ಜೆಪ್ಲಿನ್ ಅನ್ನುವ ಇಂಗ್ಲಿಷ್ ರಾಕ್ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಬಗ್ಗೆ ಜಗಳ ಆಯಿತಲ್ಲ, ಅದೇ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ.

ಆರನೇ ತಂತಿ: ಸರ್, ರೋಲಿಂಗ್ ಸ್ಟೋನ್ ಪತ್ರಿಕೆಯ 2011ರ ಶ್ರೇಷ್ಠ ಗಿಟಾರ್ ವಾದಕರ ಪಟ್ಟಿಯಲ್ಲಿ ಪೇಜ್ ಮೂರನೆಯವನು. 2023ರಲ್ಲೂ ಮೂರನೆಯವನು. ಲೈವ್ ಕೇಳಿದರೆ ಬೆರಳು ಎಡವುತ್ತಲೇ ಇರುತ್ತದೆ. ಹೆಸರು ಜಾಸ್ತಿ ಆಯಿತು ಅಲ್ವಾ?

ಮೇಷ್ಟ್ರು: ಎಡವುವುದು ನಿಜ. 1985ರ ಜುಲೈ 13ರ ಲೈವ್ ಏಡ್ ಸಂಗೀತ ಕಾರ್ಯಕ್ರಮ ಕೇಳಿ, ಗಿಟಾರ್ ಶ್ರುತಿಯಲ್ಲೇ ಇಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ. ಬೆರಳಿನ ಶುಚಿಯೊಂದನ್ನೇ ಅಳೆದರೆ ಅವನಿಗೆ ಮೂರನೇ ಸ್ಥಾನ ಸಿಗಬಾರದು.

ನನ್ನ ಮಟ್ಟಿಗೆ ಪೇಜ್‌ನ ದೊಡ್ಡಸ್ತಿಕೆ ಇರುವುದು ಕಿವಿಯಲ್ಲಿ. ಜೆಪ್ಲಿನ್‌ಗೆ ಮೊದಲು ಲಂಡನ್ನಿನ ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸಿದವನು ಅವನು. ಮೈಕ್ ಎಲ್ಲಿಟ್ಟರೆ ಏನು ಕೇಳುತ್ತದೆ ಅಂತ ಅಲ್ಲೇ ಕಲಿತ. 1968ರಲ್ಲಿ ಮೊದಲ ಆಲ್ಬಮ್ಮನ್ನು ಸುಮಾರು 36 ಗಂಟೆಗಳಲ್ಲಿ ಮುಗಿಸಿದರು. ದುಡ್ಡು ಹಾಕಿದವನೂ ಪೇಜ್, ನಿರ್ಮಾಪಕನೂ ಪೇಜ್. ಅದರಲ್ಲಿ ಕೇಳುವುದು ಹೆಚ್ಚಾಗಿ ಟೆಲಿಕ್ಯಾಸ್ಟರ್ ಗಿಟಾರ್. ಅವನ ಗುರುತೇ ಆಗಿಹೋದ ಲೆಸ್ ಪಾಲ್ ಗಿಟಾರ್ ಕೈಗೆ ಬಂದದ್ದು ಆಮೇಲೆ.

ಒಂದು ಕೆಲಸ ಮಾಡಿ. 1975ರ 'ಕಾಶ್ಮೀರ್' ಹಾಕಿಕೊಂಡು ತೊಡೆ ತಟ್ಟಿ. ಡ್ರಮ್ ನಾಲ್ಕರ ಎಣಿಕೆಯಲ್ಲಿ ನೇರ ಹೋಗುತ್ತದೆ. ಗಿಟಾರ್ ಮೂರು ಮೂರಾಗಿ ಏರುತ್ತದೆ. ಹನ್ನೆರಡಕ್ಕೆ ಇಬ್ಬರೂ ಕೂಡಿಕೊಳ್ಳುತ್ತಾರೆ. ಮೃದಂಗ ಕೇಳಿ ಬೆಳೆದ ನಮಗೆ ಚತುರಶ್ರದ ಮೇಲೆ ತಿಶ್ರ ಹೊಸದಲ್ಲ. ಆದರೆ ಒಂದು ರಾಕ್ ಹಾಡನ್ನು ಎಂಟು ನಿಮಿಷ ಅದರ ಮೇಲೆ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ತಂತಿಗಳ ಶ್ರುತಿಯೂ ಬೇರೆ: ಡಿ, ಎ, ಡಿ, ಜಿ, ಎ, ಡಿ. ನನ್ನ ವಿದ್ಯಾರ್ಥಿಗಳಿಗೆ ಈ ಶ್ರುತಿ ಮಾಡಿಕೊಟ್ಟು ಒಂದು ವಾರ ಬರೀ ತೆರೆದ ತಂತಿ ಮೀಟಲು ಹೇಳುತ್ತೇನೆ. ಆ ಗುಂಗು ಕಿವಿಗೆ ಹತ್ತಿದ ಮೇಲೆ ಪೇಜ್ ಯಾಕೆ ಕಡಿಮೆ ನೋಟ್ ನುಡಿಸಿದ ಅನ್ನುವುದು ತಾನೇ ಗೊತ್ತಾಗುತ್ತದೆ.

ಹೊಸಬ: ಸರ್ ಹತ್ತು ಸಾವಿರದೊಳಗೆ ಯಾವ ಗಿಟಾರ್ ತಗೊಳ್ಳಲಿ?

ಮೇಷ್ಟ್ರು: ಹಳೇ ಪೋಸ್ಟ್ ನೋಡಿ.

ಕರಾವಳಿ: ಉಡುಪಿ, ಮಂಗಳೂರು ಕಡೆ ಗಿಟಾರಿನ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಬದಲಿಸುವವರು ಯಾರಾದರೂ ಇದ್ದಾರಾ?

ಡ್ರಮ್ ಮಾವ: ಮೇಷ್ಟ್ರೇ, 'ವೆನ್ ದ ಲೆವೀ ಬ್ರೇಕ್ಸ್'ನ ಡ್ರಮ್ ಸದ್ದನ್ನೂ ಪೇಜ್ ಖಾತೆಗೆ ಬರೆಯುತ್ತಾರೆ. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯಲ್ಲಿ ಡ್ರಮ್ ಕೆಳಗಿಟ್ಟು, ಎರಡು ಮೈಕನ್ನು ಮೆಟ್ಟಿಲ ಮೇಲುಗಡೆ ತೂಗುಹಾಕಿದವರು ಎಂಜಿನಿಯರ್ ಆಂಡಿ ಜಾನ್ಸ್. ಬಾರಿಸಿದವನು ಬೊನಮ್. ಪೇಜ್ ಮಾಡಿದ್ದೇನು?

ಮೇಷ್ಟ್ರು: ಸರಿಯಾದ ಮಾತು. ಜಾನ್ಸ್ ಹೆಸರು ಹೇಳಲೇಬೇಕು. ಆ ಸದ್ದನ್ನು ಹಾಡಿನ ನಡುವೆ ಮುಚ್ಚದೆ ಉಳಿಸಿಕೊಂಡದ್ದು ನಿರ್ಮಾಪಕನ ಕೆಲಸ. ಅಷ್ಟು ಪಾಲು ಪೇಜ್‌ಗೆ ಕೊಡಿ.

ಹಾಸನದ ಅಪ್ಪ: ಮೇಷ್ಟ್ರೇ, ನನಗೆ ಸಂಗೀತ ಗೊತ್ತಿಲ್ಲ. ಮಗನಿಗೆ 16 ವರ್ಷ, ಈ ಪೇಜ್ ಅಂದರೆ ಪ್ರಾಣ. ಅವರ ಹಾಗೇ ಗಿಟಾರನ್ನು ತೊಡೆಯ ಹತ್ತಿರ ಇಳಿಬಿಟ್ಟು ದಿನಕ್ಕೆ ಐದು ಗಂಟೆ ನಿಂತು ನುಡಿಸುತ್ತಾನೆ. ಎರಡು ವಾರದಿಂದ ಎಡ ಮಣಿಕಟ್ಟು ನೋವು. ರಾತ್ರಿ ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಹೇಗೆ ಕೂರಬೇಕು ಅಂತ ಹೇಳಿದರೆ ಉಪಕಾರ.

ಮೇಷ್ಟ್ರು: ಅಣ್ಣಾ, ಮೊದಲು ಗಿಟಾರ್ ಕೆಳಗಿಡಿಸಿ. ಇವತ್ತೇ. ಕೂರುವ ಮಾತು ಆಮೇಲೆ.

ನಾನು ಡಾಕ್ಟರ್ ಅಲ್ಲ. ಆದರೆ ಇಂಥ ಕೈಗಳನ್ನು ನೋಡಿದ್ದೇನೆ. ಬೆರಳ ತುದಿ ಉರಿಯುವುದು ಸಹಜ, ದಡ್ಡುಗಟ್ಟಿದ ಮೇಲೆ ಹೋಗುತ್ತದೆ. ಮಣಿಕಟ್ಟಿನ ನೋವು ಬೇರೆ. ನಿದ್ದೆಯಲ್ಲಿ ಜೋಮು ಹಿಡಿಯುವುದು ಇನ್ನೂ ಬೇರೆ. ಆ ಎರಡು ಬೆರಳಿನ ನರ ಮೊಣಕೈಯ ಒಳಮಗ್ಗುಲಲ್ಲಿ ಹಾದು ಬರುತ್ತದೆ. ಎಲ್ಲಿ ಒತ್ತುತ್ತಿದೆ ಅಂತ ಡಾಕ್ಟರೇ ಮುಟ್ಟಿ ನೋಡಬೇಕು. ಮೂಳೆ ಡಾಕ್ಟರ್ ಅಥವಾ ನರದ ಡಾಕ್ಟರ್ ಹತ್ತಿರ ಈ ವಾರವೇ ಹೋಗಿ.

ಗಿಟಾರ್ ಇಳಿಬಿಟ್ಟಷ್ಟೂ ತಂತಿ ಒತ್ತಲು ಎಡ ಮಣಿಕಟ್ಟು ಜಾಸ್ತಿ ಮಡಚಬೇಕು. ಅವನಿಗೇ ತೋರಿಸಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿ ಮುಷ್ಟಿ ಬಿಗಿ ಅನ್ನಿ, ಬಿಗಿಯಾಗುವುದಿಲ್ಲ. ಕೈ ನೆಟ್ಟಗಿಟ್ಟು ಬಿಗಿ ಅನ್ನಿ, ಆಗುತ್ತದೆ. ಮಡಚಿದ ಕೈಯಲ್ಲಿ ಐದು ಗಂಟೆ ಒತ್ತಿದರೆ ಏನಾಗುತ್ತದೆ ಅಂತ ಅವನಿಗೇ ತಿಳಿಯುತ್ತದೆ.

2009ರಲ್ಲಿ ನನಗೂ ಹೀಗೇ ಆಗಿತ್ತು. ಎರಡು ತಿಂಗಳು ನೋವು ನುಂಗಿಕೊಂಡು ನುಡಿಸಿದೆ. ಆಮೇಲೆ ಐದು ತಿಂಗಳು ಗಿಟಾರ್ ಮುಟ್ಟಲಾಗಲಿಲ್ಲ. ಮಗನನ್ನು ಬೈಯಬೇಡಿ. ಬೈದರೆ ನೋವು ಮುಚ್ಚಿಟ್ಟು ನುಡಿಸುತ್ತಾನೆ.

ಊರ ಗೆಳೆಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. ಬೆರಳಿಗೆ ರಬ್ಬರ್ ಬ್ಯಾಂಡ್ ಬಿಗಿದು ಅರ್ಧ ಗಂಟೆ ಎಳೆದರೆ ನರ ಗಟ್ಟಿಯಾಗುತ್ತದೆ. ಬೆರಳ ತುದಿಯನ್ನು ದಿನಾ ವಿನೆಗರ್‌ನಲ್ಲಿ ಅದ್ದಬೇಕು. ಸೀಳಿದರೆ ಸೂಪರ್ ಗ್ಲೂ ಹಚ್ಚಬೇಕು.

ಮೇಷ್ಟ್ರು: ದಯವಿಟ್ಟು ಇದನ್ನು ಅಳಿಸಿ. ಜೋಮು ಹಿಡಿದ ಬೆರಳಿಗೆ ಬಿಗಿಯಾಗಿ ಏನನ್ನೂ ಕಟ್ಟಬಾರದು. ಮೇಲೆ ಒಬ್ಬ ತಂದೆ ಗಾಬರಿಯಲ್ಲಿದ್ದಾರೆ, ಅವರು ನಂಬಿ ಮಾಡಿಬಿಟ್ಟರೆ?

ಊರ ಗೆಳೆಯ: ಒಳ್ಳೇದಕ್ಕೆ ಹಾಕಿದೆ ಸರ್. ಪೇಜ್ ಕೂಡ 1975ರಲ್ಲಿ ಜಜ್ಜಿದ ಬೆರಳಲ್ಲೇ ಪ್ರವಾಸ ಮಾಡಿದ. ನೋವು ಸಹಿಸದೆ ಯಾರೂ ದೊಡ್ಡವರಾಗಿಲ್ಲ.

ಮೇಷ್ಟ್ರು: ರೈಲಿನ ಬಾಗಿಲಿಗೆ ಬೆರಳು ಸಿಕ್ಕಿದ್ದು ನಿಜ. ಪೂರ್ತಿ ಹೇಳಿ. 2007ರಲ್ಲಿ ಮತ್ತೆ ಬೆರಳಿನ ಮೂಳೆ ಬಿರುಕು ಬಿಟ್ಟಾಗ ಏನು ಮಾಡಿದರು? ಇಡೀ ಲೋಕ ಕಾಯುತ್ತಿದ್ದ ಲಂಡನ್ನಿನ ಕಛೇರಿಯನ್ನೇ ನವೆಂಬರ್ 26ರಿಂದ ಡಿಸೆಂಬರ್ 10ಕ್ಕೆ ಮುಂದೂಡಿದರು. ಹುಡುಗರಿಗೆ ಹೇಳಬೇಕಾದ ಕಥೆ ಇದು.

ಬ್ಲೂಸ್ ಪ್ರೇಮಿ: ಕೈ ನೋವಿನ ಮಾತು ಮುಗಿದಿದ್ದರೆ ಅಸಲಿ ವಿಷಯಕ್ಕೆ ಬನ್ನಿ. ಕದ್ದವನಿಗೆ ಹೆಸರು ಹೇಗೆ ಸಲ್ಲುತ್ತದೆ? ಜೆಪ್ಲಿನ್‌ನ 'ಹೋಲ್ ಲಾಟ್ಟ ಲವ್' ಹಾಡಿನ ಬಗ್ಗೆ ಬ್ಲೂಸ್ ಹಾಡು ಕಟ್ಟುತ್ತಿದ್ದ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದರು, 1987ರಲ್ಲಿ ರಾಜಿ.

ಆರನೇ ತಂತಿ: ಅದರಲ್ಲಿ ಎತ್ತಿಕೊಂಡದ್ದು ಸಾಹಿತ್ಯ, ಹಾಡಿದ್ದು ಪ್ಲಾಂಟ್. ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಪೇಜ್‌ನದ್ದೇ. 'ಸ್ಟೇರ್‌ವೇ ಟು ಹೆವನ್' ಹಾಡನ್ನು ಕದ್ದರು ಅನ್ನುವ ಕೇಸನ್ನು 2016ರಲ್ಲಿ ಗೆದ್ದರು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು.

ಬ್ಲೂಸ್ ಪ್ರೇಮಿ: ಬೆಳಿಗ್ಗೆ ಪೇಜ್‌ಗೆ ಹೆಸರು ಜಾಸ್ತಿ ಅಂದವರು ನೀವೇ. ಈಗ ವಕೀಲರಾದಿರಾ?

ಆರನೇ ತಂತಿ: ನೋಟ್ ತಪ್ಪುವುದು ಬೇರೆ, ಕದಿಯುವುದು ಬೇರೆ. ಅಷ್ಟೂ ತಿಳಿಯದಿದ್ದರೆ ಸುಮ್ನೆ ಇರಿ.

ಬ್ಲೂಸ್ ಪ್ರೇಮಿ: ನೀನು ಹೇಳಿದರೆ ಸುಮ್ಮನಾಗಬೇಕಾ?

ಡ್ರಮ್ ಮಾವ: ಏಕವಚನ ಬೇಡ ಸ್ವಾಮಿ.

ಹೊಸಬ 2: ಸ್ಟೇರ್‌ವೇ ಟ್ಯಾಬ್ (ಯಾವ ತಂತಿ ಎಲ್ಲಿ ಒತ್ತಬೇಕು ಅನ್ನುವ ಬರಹ) ಕಳಿಸಿ.

ಮೇಷ್ಟ್ರು: ಇಲ್ಲ.

ಬ್ಲೂಸ್ ಪ್ರೇಮಿ, ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ. ಡಿಕ್ಸನ್ ಅಂಥವರಿಗೆ ಹೆಸರು, ಹಣ ಎರಡೂ ಮೊದಲೇ ಸಿಗಬೇಕಿತ್ತು. ನನಗೆ ಜಾಸ್ತಿ ನೋವು ಕೊಡುವುದು 'ಬ್ಲ್ಯಾಕ್ ಮೌಂಟನ್ ಸೈಡ್'. ಜನಪದ ಹಾಡೊಂದಕ್ಕೆ ಗಿಟಾರ್ ವಾದಕ ಬರ್ಟ್ ಜಾನ್ಶ್ 1966ರಲ್ಲಿ ಕಟ್ಟಿದ ಗಿಟಾರ್ ಅದರ ತುಂಬ ಕೇಳುತ್ತದೆ. ಆಲ್ಬಮ್ಮಿನಲ್ಲಿ ಹೆಸರು ಮಾತ್ರ ಪೇಜ್‌ದು. ನಾನು ಪಾಠದಲ್ಲಿ ಮೊದಲು ಜಾನ್ಶ್ ಕೇಳಿಸುತ್ತೇನೆ, ಆಮೇಲೆ ಪೇಜ್. ಅವನ ಕಿವಿಗೆ ಕೊಡುವ ಗೌರವವನ್ನು ನಾನು ಹಿಂದಕ್ಕೆ ತಗೊಳ್ಳುವುದಿಲ್ಲ. ಈ ತಪ್ಪನ್ನು ಮುಚ್ಚುವುದೂ ಇಲ್ಲ.

ಊರ ಗೆಳೆಯ: ಬಿಸಿ ಹರಳೆಣ್ಣೆ ಆದರೂ ಹಚ್ಚಬಹುದಾ ಸರ್?

ಮೇಷ್ಟ್ರು: ಡಾಕ್ಟರ್ ನೋಡುವವರೆಗೆ ಏನೂ ಬೇಡ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಇಲ್ಲಿಂದ ಎದ್ದು ಹೋಗುತ್ತೇನೆ.

ಕರಾವಳಿ: ಫ್ರೆಟ್ ಬಗ್ಗೆ ಕೇಳಿದ್ದೆ.

ಬ್ಲೂಸ್ ಪ್ರೇಮಿ: ಆರನೇ ತಂತಿ ಕ್ಷಮೆ ಕೇಳುವವರೆಗೆ ನಾನು ಈ ಗುಂಪಿನಲ್ಲಿ ಮಾತಾಡುವುದಿಲ್ಲ.

ಆರನೇ ತಂತಿ: ಒಳ್ಳೇದು.

ಹಾಸನದ ಅಪ್ಪ: ಮೇಷ್ಟ್ರೇ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರ್ ಬರಹೇಳಿದ್ದಾರೆ. ಗಿಟಾರ್ ಬೀರುವಿನ ಮೇಲಿಟ್ಟಿದ್ದೇನೆ. ಪೇಜ್ ಹಾಗೆ ಕೂತು ನುಡಿಸಲ್ಲ, ನಾನೂ ಕೂರಲ್ಲ ಅಂತ ಅಳುತ್ತಿದ್ದಾನೆ.

ಮೇಷ್ಟ್ರು: 1970ರ ಜನವರಿ 9, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಅದರ ವಿಡಿಯೋ ಇದೆ. ಪೇಜ್‌ಗೆ ಅವತ್ತು 26 ತುಂಬಿದ ದಿನ. 'ವೈಟ್ ಸಮರ್' ಬಂದಾಗ ಕುರ್ಚಿ ಹಾಕಿಸಿಕೊಂಡು ಕೂತೇ ನುಡಿಸುತ್ತಾನೆ. ಇವತ್ತು ರಾತ್ರಿ ಅಪ್ಪ ಮಗ ಒಟ್ಟಿಗೆ ಕೂತು ನೋಡಿ. ಡಾಕ್ಟರ್ ಏನಂದರು ಅಂತ ನಾಳೆ ನನಗೆ ಫೋನ್ ಮಾಡಿ, ಇಲ್ಲಿ ಬರೆಯಬೇಡಿ.